ಯಂತ್ರ ಹೇಳಿದ ಔಷಧ: ಸೇವಿಸುವ ಮುನ್ನ ನಾಲ್ಕು ಪರೀಕ್ಷೆ

ಶ್ರೀಮಠದ ಆವರಣದಲ್ಲಿ ಪ್ರತಿ ತಿಂಗಳು ನಡೆಯುವ ಉಚಿತ ಆರೋಗ್ಯ ತಪಾಸಣೆಗೆ ಕಳೆದ ಮಳೆಗಾಲದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಬಂದಿದ್ದರು. ವಯಸ್ಸು ಎಪ್ಪತ್ತೆರಡು. ಹನ್ನೆರಡು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಾಗಿ ಹೃದಯಕ್ಕೆ ಕೃತಕ ಕವಾಟ ಅಳವಡಿಸಿದ್ದರಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ಅವರು ನಿತ್ಯವೂ ಸೇವಿಸುತ್ತಾರೆ. ಅಂದು ಅವರು ಬಂದದ್ದು ಮಂಡಿನೋವಿಗಾಗಿ. ಆದರೆ ನಾಡಿ ನೋಡಲು ಕೈ ಹಿಡಿದಾಗ ನನ್ನ ಗಮನ ಸೆಳೆದದ್ದು ಮುಂಗೈ ಮೇಲಿದ್ದ ನಾಲ್ಕೈದು ನೀಲಿ ಕಲೆಗಳು. ವಿಚಾರಿಸಿದಾಗ, ಒಂದು ವಾರದಿಂದ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿದೆ ಎಂದರು.

“ಮೇಷ್ಟ್ರೇ, ಹೊಸದಾಗಿ ಏನಾದರೂ ಔಷಧ ಆರಂಭಿಸಿದ್ದೀರಾ?”

“ಔಷಧ ಏನಿಲ್ಲ ಡಾಕ್ಟರೇ. ಅರಿಶಿನದ ಕ್ಯಾಪ್ಸೂಲ್ ಅಷ್ಟೆ. ಅದು ನಿಮ್ಮದೇ ಶಾಸ್ತ್ರದ್ದಲ್ಲವೇ?”

ಅವರು ಚೀಲದಿಂದ ಎರಡು ಹಾಳೆಗಳನ್ನು ತೆಗೆದು ನನ್ನ ಮುಂದಿಟ್ಟರು. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಅಜ್ಜನ ಮಂಡಿನೋವಿಗೆ ಪರಿಹಾರ ಹುಡುಕಲು ಕೃತಕ ಬುದ್ಧಿಮತ್ತೆಯನ್ನು ಪ್ರಶ್ನಿಸಿ, ಬಂದ ಉತ್ತರವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೊಟ್ಟಿದ್ದಳು. ಅರಿಶಿನದ ಸತ್ವವನ್ನು ಕಾಳುಮೆಣಸಿನ ಸತ್ವದೊಂದಿಗೆ ಸೇವಿಸಿದರೆ ಅದರ ಪರಿಣಾಮ ಇಪ್ಪತ್ತು ಪಟ್ಟು ಹೆಚ್ಚುತ್ತದೆ, ಮಂಡಿನೋವು ಶಮನವಾಗುತ್ತದೆ, ನೈಸರ್ಗಿಕವಾದುದರಿಂದ ಅಡ್ಡಪರಿಣಾಮಗಳಿಲ್ಲ ಎಂಬುದು ಅದರ ಸಾರ. ಕೆಳಗೆ ನಾಲ್ಕು ಸಂಶೋಧನಾ ಪ್ರಬಂಧಗಳ ಹೆಸರುಗಳಿದ್ದವು.

ಅಂದೇ ರಕ್ತಪರೀಕ್ಷೆ ಮಾಡಿಸಿದೆವು. ವಾರ್ಫರಿನ್ ಸೇವಿಸುವವರಲ್ಲಿ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತಿದೆ ಎಂಬುದನ್ನು ಐ.ಎನ್.ಆರ್. ಎಂಬ ಅಳತೆಯಿಂದ ತಿಳಿಯುತ್ತಾರೆ. ಮೇಷ್ಟ್ರಿಗೆ ಹೃದ್ರೋಗ ತಜ್ಞರು ನಿಗದಿಪಡಿಸಿದ್ದ ಮಿತಿ 2.5ರಿಂದ 3.5, ಅಂದು ಬಂದದ್ದು 5.8. ಮಂಡಿನೋವಿನ ಮಾತನ್ನು ಬದಿಗಿಟ್ಟು, ಅರಿಶಿನದ ಕ್ಯಾಪ್ಸೂಲನ್ನು ನಿಲ್ಲಿಸಿ, ಸಂಜೆಯೊಳಗೆ ಅವರನ್ನು ಅವರ ತಜ್ಞರ ಬಳಿಗೆ ಕಳುಹಿಸಿದೆ. ಗುರುಕೃಪೆಯಿಂದ ದೊಡ್ಡ ರಕ್ತಸ್ರಾವವೇನೂ ಆಗದೆ ಎರಡು ವಾರಗಳಲ್ಲಿ ಅಳತೆ ಮಿತಿಗೆ ಮರಳಿತು. ಕ್ಯಾಪ್ಸೂಲ್ ಒಂದೇ ಇದಕ್ಕೆ ಕಾರಣವೆಂದು ಒಬ್ಬ ರೋಗಿಯನ್ನು ನೋಡಿ ನಿಶ್ಚಯವಾಗಿ ಹೇಳಲಾಗದು. ಆದರೆ ಆ ಹಾಳೆಗಳಲ್ಲಿ ಇರಲೇಬೇಕಾಗಿದ್ದ ಎಚ್ಚರಿಕೆಯ ಒಂದು ವಾಕ್ಯ ಇರಲಿಲ್ಲ ಎಂಬುದು ನಿಶ್ಚಯ.

ಇಂದು ಇಂತಹ ಹಾಳೆಗಳನ್ನು ಹಿಡಿದು ಬರುವ ಭಕ್ತರ ಸಂಖ್ಯೆ ದಿನೇ ದಿನೇ ಹೆಚ್ಚುತ್ತಿದೆ. ಆದ್ದರಿಂದ ಈ ತಿಂಗಳು ಯಾವುದೇ ಗಿಡಮೂಲಿಕೆಯ ಬಗ್ಗೆ ಬರೆಯದೆ, ವೈದ್ಯಕೀಯ ಸಂಶೋಧನೆಯನ್ನು ಹುಡುಕಿ ಸಂಗ್ರಹಿಸಿ ಹೇಳುವ ಈ ಹೊಸ ಸಾಧನವನ್ನು ಹೇಗೆ ಬಳಸಬೇಕು ಎಂಬುದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇನೆ.

ಸಾಧನದ ಉಪಕಾರ

ಮೊದಲು ಗುಣವನ್ನು ಹೇಳುವುದು ನ್ಯಾಯ. ನಾವು ಬಿ.ಎ.ಎಂ.ಎಸ್. ಓದುವ ಕಾಲದಲ್ಲಿ ಒಂದು ಸಂಶೋಧನಾ ಪ್ರಬಂಧ ನೋಡಬೇಕಾದರೆ ಬೆಂಗಳೂರಿನ ಗ್ರಂಥಾಲಯಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗಿ, ಬೇಕಾದ ಸಂಚಿಕೆ ಸಿಕ್ಕರೆ ಕೈಬರಹದಲ್ಲಿ ನಕಲು ಮಾಡಿಕೊಂಡು ಬರಬೇಕಾಗಿತ್ತು. ಇಂದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ನಡೆಸುವ ಪಬ್‌ಮೆಡ್ ಎಂಬ ಸೂಚಿಯಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಪ್ರಬಂಧಗಳ ವಿವರಗಳಿವೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮ ಆಯುಷ್ ಸಚಿವಾಲಯದ ಸಂಶೋಧನಾ ಪೋರ್ಟಲ್ ಕೂಡ ಉಚಿತ. ಆದರೆ ಅಷ್ಟು ದೊಡ್ಡ ಕಣಜದಲ್ಲಿ ಬೇಕಾದ ಕಾಳನ್ನು ಆರಿಸುವುದು ಹೇಗೆ? ಅದೂ ಇಂಗ್ಲಿಷಿನಲ್ಲಿ, ಪಾರಿಭಾಷಿಕ ಪದಗಳಲ್ಲಿ?

ಇಲ್ಲಿ ಯಂತ್ರ ನಿಜವಾಗಿಯೂ ನೆರವಾಗುತ್ತದೆ. “ಮಂಡಿ ಸವೆತ, ಅರಿಶಿನ” ಎಂದು ಕನ್ನಡದಲ್ಲಿ ಕೇಳಿದರೆ, ಪಬ್‌ಮೆಡ್‌ನಲ್ಲಿ ಯಾವ ಇಂಗ್ಲಿಷ್ ಪದಗಳನ್ನು ಕೊಟ್ಟು ಹುಡುಕಬೇಕು ಎಂಬುದನ್ನು ಕ್ಷಣದಲ್ಲಿ ತಿಳಿಸುತ್ತದೆ. ಇಪ್ಪತ್ತು ಪುಟದ ಪ್ರಬಂಧವನ್ನು ಕೊಟ್ಟು ಎಷ್ಟು ಜನರ ಮೇಲೆ, ಎಷ್ಟು ಕಾಲ, ಯಾವ ಪ್ರಮಾಣದಲ್ಲಿ ಪ್ರಯೋಗ ನಡೆಯಿತು ಎಂದು ಕೇಳಿದರೆ ಆ ಭಾಗವನ್ನು ಹುಡುಕಿ ತೋರಿಸುತ್ತದೆ. ಕಠಿಣ ಪದಗಳ ಅರ್ಥವನ್ನು ಬಿಡಿಸಿ ಹೇಳುತ್ತದೆ. ಅರವತ್ತು ದಾಟಿದ ನನ್ನಂಥವನಿಗೂ ಇದರಿಂದ ಪ್ರಯೋಜನವಾಗಿದೆ.

ಇಲ್ಲದ ಪ್ರಬಂಧ ಬರುವುದು ಎಲ್ಲಿಂದ?

ಮೇಷ್ಟ್ರ ಹಾಳೆಯಲ್ಲಿದ್ದ ನಾಲ್ಕು ಪ್ರಬಂಧಗಳನ್ನು ಅಂದು ರಾತ್ರಿ ಒಂದೊಂದಾಗಿ ಹುಡುಕಿದೆ. ಎರಡು ಇದ್ದವು. ಮೂರನೆಯದರ ಶೀರ್ಷಿಕೆ ಸರಿಯಿದ್ದರೂ ಲೇಖಕರ ಹೆಸರು, ವರ್ಷ ಬೇರೆಯಾಗಿದ್ದವು. ನಾಲ್ಕನೆಯದು ಎಲ್ಲಿಯೂ ಇರಲಿಲ್ಲ.

ಆ ಮಗುವನ್ನು ನಾನು ದೂಷಿಸಲಾರೆ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಅದಕ್ಕೂ ಮುಂಚಿನ ವರ್ಷ ವೈದ್ಯರ ಸಭೆಯೊಂದರಲ್ಲಿ ಅಶ್ವಗಂಧದ ಬಗ್ಗೆ ಉಪನ್ಯಾಸ ಕೊಡುವಾಗ ಯಂತ್ರ ಕೊಟ್ಟ ಐದು ಪ್ರಬಂಧಗಳ ಹೆಸರುಗಳನ್ನು ಪರೀಕ್ಷಿಸದೆಯೇ ಓದಿದೆ. ಸಭೆ ಮುಗಿದ ಮೇಲೆ ಕಿರಿಯ ವೈದ್ಯೆಯೊಬ್ಬರು ಬಂದು, ಅದರಲ್ಲೊಂದು ಪ್ರಬಂಧವನ್ನು ಕಳುಹಿಸಿಕೊಡಬಹುದೇ ಎಂದು ವಿನಯದಿಂದ ಕೇಳಿದರು. ಮನೆಗೆ ಬಂದು ಹುಡುಕಿದರೆ ಆ ಪತ್ರಿಕೆ ಇದೆ, ಆ ಸಂಪುಟವೂ ಇದೆ. ಆದರೆ ಆ ಪುಟದಲ್ಲಿರುವುದು ಬೇರೊಬ್ಬರ ಬೇರೆ ವಿಷಯದ ಪ್ರಬಂಧ! ಮರುದಿನ ದೂರವಾಣಿ ಮಾಡಿ ತಪ್ಪೊಪ್ಪಿಕೊಂಡೆ. ಮೂವತ್ತೆಂಟು ವರ್ಷಗಳ ವೃತ್ತಿಯಲ್ಲಿ ಅಷ್ಟು ಸಂಕೋಚಪಟ್ಟ ದಿನ ಮತ್ತೊಂದಿಲ್ಲ.

ಯಂತ್ರ ಸುಳ್ಳು ಹೇಳಬೇಕೆಂಬ ದುರುದ್ದೇಶದಿಂದ ಹೀಗೆ ಮಾಡುವುದಿಲ್ಲ. ಅದರ ರಚನೆಯೇ ಹಾಗಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತಾಗಿನಿಂದ ಮನೆಮಾತಾಗಿರುವ ಈ ವ್ಯವಸ್ಥೆಗಳು ಮೂಲತಃ ಗ್ರಂಥಾಲಯಗಳಲ್ಲ. ಅಪಾರ ಬರಹವನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುವ ಯಂತ್ರಗಳು. ಪ್ರಬಂಧದ ಹೆಸರು ಹೇಳು ಎಂದರೆ, ಪ್ರಬಂಧದ ಹೆಸರು ಸಾಮಾನ್ಯವಾಗಿ ಹೇಗಿರುತ್ತದೆಯೋ ಹಾಗೆ ಪದಗಳನ್ನು ಪೋಣಿಸುತ್ತವೆ. ಹಾಗೆ ಪೋಣಿಸಿದ ಹೆಸರಿನ ಪ್ರಬಂಧ ಲೋಕದಲ್ಲಿ ಇದೆಯೋ ಇಲ್ಲವೋ ಎಂಬ ಚಿಂತೆ ಯಂತ್ರಕ್ಕಿಲ್ಲ.

2023ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಎಣಿಸಿಯೇ ನೋಡಿತು. ಚಾಟ್‌ಜಿಪಿಟಿಯ 3.5ನೆಯ ಆವೃತ್ತಿ ಕೊಟ್ಟ ಉಲ್ಲೇಖಗಳಲ್ಲಿ ಶೇ 55 ಕಲ್ಪಿತವಾಗಿದ್ದವು; 4ನೆಯ ಆವೃತ್ತಿಯಲ್ಲಿ ಅದು ಶೇ 18ಕ್ಕೆ ಇಳಿದಿತ್ತು. ಇದಕ್ಕೂ ಮುನ್ನ, 2022ರ ನವೆಂಬರ್‌ನಲ್ಲಿ ಮೆಟಾ ಸಂಸ್ಥೆಯು ವೈಜ್ಞಾನಿಕ ಸಾಹಿತ್ಯಕ್ಕೆಂದೇ ರೂಪಿಸಿದ್ದ ಗ್ಯಾಲಕ್ಟಿಕಾ ಎಂಬ ವ್ಯವಸ್ಥೆಯನ್ನು ಸಾರ್ವಜನಿಕರಿಗೆ ತೆರೆದು, ತಪ್ಪು ಮಾಹಿತಿಯ ಟೀಕೆಗಳು ಬಂದುದರಿಂದ ಮೂರೇ ದಿನಗಳಲ್ಲಿ ಹಿಂತೆಗೆದುಕೊಂಡಿತ್ತು. ಈಗಿನ ಹಲವು ಸಾಧನಗಳು ಮೊದಲು ಅಂತರ್ಜಾಲದಲ್ಲಿ ಅಥವಾ ಪ್ರಬಂಧಗಳ ಸೂಚಿಯಲ್ಲಿ ಹುಡುಕಿ, ಸಿಕ್ಕಿದ್ದನ್ನು ಆಧರಿಸಿ ಉತ್ತರಿಸುತ್ತವೆ. ಅದರಿಂದ ಕಲ್ಪಿತ ಹೆಸರುಗಳು ಕಡಿಮೆಯಾಗಿವೆ, ಇಲ್ಲವಾಗಿಲ್ಲ.

ಇರುವ ಪ್ರಬಂಧವೂ ಹಿಗ್ಗುವುದು ಹೇಗೆ?

ಕಲ್ಪಿತ ಪ್ರಬಂಧಕ್ಕಿಂತ ಸೂಕ್ಷ್ಮವಾದ ಅಪಾಯ ಮತ್ತೊಂದಿದೆ. ಪ್ರಬಂಧ ನಿಜವಾಗಿಯೇ ಇರುತ್ತದೆ. ಸಾರಾಂಶ ಅದಕ್ಕಿಂತ ದೊಡ್ಡದಾಗಿ ಮಾತನಾಡುತ್ತದೆ.

ಮೇಷ್ಟ್ರ ಹಾಳೆಯ “ಇಪ್ಪತ್ತು ಪಟ್ಟು” ಎಂಬ ಮಾತಿನ ಮೂಲ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ನಡೆಸಿದ ಆ ಅಧ್ಯಯನ 1998ರಲ್ಲಿ ಪ್ಲಾಂಟಾ ಮೆಡಿಕಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಸೇವಿಸಿದ ಆರೋಗ್ಯವಂತ ಸ್ವಯಂಸೇವಕರ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ, ಇಲ್ಲವೇ ಅತ್ಯಲ್ಪ ಪ್ರಮಾಣದಲ್ಲಿತ್ತು. ಜೊತೆಗೆ ಕಾಳುಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ದಷ್ಟು ಹೆಚ್ಚಿತು. ಇಲಿಗಳಲ್ಲಿ ಹೆಚ್ಚಿದ್ದು ಶೇ 154 ಮಾತ್ರ.

ಇದು ಜಗತ್ತಿನಾದ್ಯಂತ ಉಲ್ಲೇಖಗೊಂಡ, ಕನ್ನಡಿಗರು ಹೆಮ್ಮೆಪಡಬೇಕಾದ ಕೆಲಸ. ಆದರೆ ಅದು ಹೇಳುವುದೇನು, ಹೇಳದಿರುವುದೇನು? ಹೆಚ್ಚಿದ್ದು ರಕ್ತಕ್ಕೆ ಸೇರುವ ಪ್ರಮಾಣ, ರೋಗ ಗುಣವಾಗುವ ಪ್ರಮಾಣವಲ್ಲ. ಅತ್ಯಲ್ಪವಾದುದು ಇಪ್ಪತ್ತು ಪಟ್ಟಾದರೂ ಅದು ಬಹಳವಾಗಬೇಕೆಂದಿಲ್ಲ. ಅದನ್ನು ಸೇವಿಸಿದವರು ಆರೋಗ್ಯವಂತರೇ ಹೊರತು ಮಂಡಿನೋವಿನ ವೃದ್ಧರಲ್ಲ. ವಾರ್ಫರಿನ್ ಸೇವಿಸುವವರಂತೂ ಅಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು. ಅಂದರೆ ಆ 2 ಗ್ರಾಂ ಸತ್ವಕ್ಕೆ ಅರವತ್ತು ಗ್ರಾಂಗೂ ಹೆಚ್ಚು ಪುಡಿ ಬೇಕು. ಯಾವ ಮನೆಯ ಸಾರಿಗೂ ಒಬ್ಬರ ಪಾಲಿಗೆ ಅಷ್ಟು ಅರಿಶಿನ ಬೀಳುವುದಿಲ್ಲ. ನಮ್ಮ ಅಡುಗೆಯ ಅರಿಶಿನದ ಸುರಕ್ಷತೆಯನ್ನು ಕ್ಯಾಪ್ಸೂಲಿಗೆ ಆರೋಪಿಸುವುದು ಸಲ್ಲ. “ರಕ್ತದಲ್ಲಿ ಹೆಚ್ಚು ಸೇರಿತು” ಎಂಬ ಮಾತು “ಪರಿಣಾಮ ಹೆಚ್ಚಿತು” ಎಂದಾಗಿ, ಕೊನೆಗೆ “ಮಂಡಿನೋವಿಗೆ ಮದ್ದು” ಎಂದಾದದ್ದು ಸಾರಾಂಶದ ದಾರಿಯಲ್ಲಿ.

ಕಾಳುಮೆಣಸಿನ ಸತ್ವಕ್ಕೆ ಇನ್ನೊಂದು ಗುಣವಿದೆ. ಅದು ಅರಿಶಿನವನ್ನು ಮಾತ್ರವಲ್ಲ, ಕೆಲವು ಆಧುನಿಕ ಔಷಧಗಳನ್ನೂ ರಕ್ತದಲ್ಲಿ ಹೆಚ್ಚಿಸಬಲ್ಲದು; ಮೂರ್ಛೆರೋಗದ ಫೆನಿಟಾಯಿನ್ ಅವುಗಳಲ್ಲೊಂದು. ನ್ಯೂಜಿಲೆಂಡಿನ ಔಷಧ ಸುರಕ್ಷತಾ ಸಂಸ್ಥೆಯಾದ ಮೆಡ್‌ಸೇಫ್ 2018ರಲ್ಲಿ ಪ್ರಕಟಿಸಿದ ಎಚ್ಚರಿಕೆಯಲ್ಲಿ, ವಾರ್ಫರಿನ್ ಸೇವಿಸುತ್ತಿದ್ದ ರೋಗಿಯೊಬ್ಬರು ಅರಿಶಿನದ ಉತ್ಪನ್ನ ಆರಂಭಿಸಿದ ಕೆಲವೇ ವಾರಗಳಲ್ಲಿ ಅವರ ಐ.ಎನ್.ಆರ್. 10ನ್ನು ದಾಟಿದ ಸಂಗತಿ ದಾಖಲಾಗಿದೆ. “ಅರಿಶಿನದ ಲಾಭಗಳೇನು?” ಎಂದು ಕೇಳಿದಾಗ ಯಂತ್ರ ಇದನ್ನು ಹೇಳಿರಲಿಲ್ಲ. “ವಾರ್ಫರಿನ್ ಸೇವಿಸುವವರಿಗೆ ಅರಿಶಿನದ ಕ್ಯಾಪ್ಸೂಲಿನಿಂದ ಹಾನಿಯಾದ ವರದಿಗಳಿವೆಯೇ?” ಎಂದು ನಾನು ಅದೇ ಯಂತ್ರವನ್ನು ಕೇಳಿದಾಗ ತಕ್ಷಣ ಹೇಳಿತು! ಅದರ ಉತ್ತರ ನಮ್ಮ ಪ್ರಶ್ನೆಯ ನೆರಳು. ಲಾಭ ಕೇಳಿದವರಿಗೆ ಲಾಭ, ಹಾನಿ ಕೇಳಿದವರಿಗೆ ಹಾನಿ.

ಇದು ನನ್ನೊಬ್ಬನ ಅನುಭವವಲ್ಲ. 2025ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು ಹತ್ತು ಬಗೆಯ ಯಂತ್ರಗಳು ಬರೆದ 4,900 ಸಾರಾಂಶಗಳನ್ನು ಪರಿಶೀಲಿಸಿತು. ಮನುಷ್ಯರು ಬರೆದ ಸಾರಾಂಶಗಳಿಗೆ ಹೋಲಿಸಿದರೆ, ಮೂಲದ ಮಿತಿಯನ್ನು ದಾಟಿ ಎಲ್ಲರಿಗೂ ಅನ್ವಯವಾಗುವಂತೆ ಹೇಳುವ ಸಂಭವ ಯಂತ್ರಗಳಲ್ಲಿ ಸುಮಾರು ಐದು ಪಟ್ಟು ಇತ್ತು. ತಪ್ಪಿಲ್ಲದೆ ಬರೆ ಎಂದು ಸೂಚಿಸಿದಾಗ ಈ ದೋಷ ಕಡಿಮೆಯಾಗುವ ಬದಲು ಹೆಚ್ಚಿತು ಎಂಬುದು ಅಚ್ಚರಿಯ ಸಂಗತಿ.

ಚರಕರ ಚತುರ್ವಿಧ ಪರೀಕ್ಷೆ

ಹಾಗಾದರೆ ಸಾಧನವನ್ನು ದೂರವಿಡಬೇಕೆ? ಬೇಡ, ಪರೀಕ್ಷಿಸಿ ಬಳಸಬೇಕು. ಪರೀಕ್ಷೆಯ ವಿಧಾನವನ್ನು ನಮ್ಮ ಆಚಾರ್ಯರು ಎಂದೋ ಹೇಳಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಸತ್ಯವನ್ನು ನಿರ್ಣಯಿಸಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಪರೀಕ್ಷೆಗಳಿವೆ.

ಮೊದಲನೆಯದು ಆಪ್ತೋಪದೇಶ. ಆಪ್ತನೆಂದರೆ ರಜಸ್ಸು, ತಮಸ್ಸುಗಳಿಂದ ಮುಕ್ತನಾಗಿ, ತಿಳಿದುದನ್ನು ನಿಸ್ಸಂಶಯವಾಗಿ ಹೇಳಬಲ್ಲವನು. ಯಂತ್ರಕ್ಕೆ ರಾಗದ್ವೇಷಗಳಿಲ್ಲ, ನಿಜ. ಆದರೆ ತನ್ನ ಮಾತಿಗೆ ತಾನು ಹೊಣೆ ಎಂಬ ಭಾವವೂ ಇಲ್ಲ. ಆದ್ದರಿಂದ ಅದು ಆಪ್ತನ ಮನೆಯ ದಾರಿ ತೋರಿಸುವ ದಾರಿಹೋಕ ಮಾತ್ರ. ಆ ಮಾತನ್ನು ಹೇಳಿದವರು ಯಾರು, ಯಾವ ಸಂಸ್ಥೆ, ಯಾವ ಪತ್ರಿಕೆ, ಯಾವ ವರ್ಷ ಎಂದು ಕೇಳಬೇಕು.

ಎರಡನೆಯದು ಪ್ರತ್ಯಕ್ಷ. ಆ ಪ್ರಬಂಧವನ್ನು ಕಣ್ಣಾರೆ ನೋಡಬೇಕು. ಶೀರ್ಷಿಕೆಯನ್ನು ಪಬ್‌ಮೆಡ್‌ನಲ್ಲಾಗಲಿ ಗೂಗಲ್ ಸ್ಕಾಲರ್‌ನಲ್ಲಾಗಲಿ ಹಾಕಿ ಹುಡುಕಿದರೆ ಎರಡು ನಿಮಿಷದ ಕೆಲಸ. ಅದು ಸಿಗದಿದ್ದರೆ ಆ ಉಲ್ಲೇಖವನ್ನು ಅಲ್ಲಿಗೇ ಬಿಡಬೇಕು. ಸಿಕ್ಕರೆ ಅದನ್ನು ಹಿಂತೆಗೆದುಕೊಳ್ಳಲಾಗಿದೆಯೇ ಎಂಬುದನ್ನೂ ನೋಡಬೇಕು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭೀತಿಯನ್ನು ಹಬ್ಬಿಸಿದ 1998ರ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು; ಹನ್ನೆರಡು ವರ್ಷ ಅದು ಜನರ ಬಾಯಲ್ಲಿತ್ತು, ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ.

ಮೂರನೆಯದು ಅನುಮಾನ. ನೋಡಿದ್ದರಿಂದ ಎಷ್ಟನ್ನು ಊಹಿಸಬಹುದು, ಎಲ್ಲಿ ನಿಲ್ಲಬೇಕು ಎಂಬ ವಿವೇಕವಿದು. ಗಾಜಿನ ಬಟ್ಟಲಿನಲ್ಲಿ ಜೀವಕೋಶಗಳ ಮೇಲೆ ನಡೆದ ಪ್ರಯೋಗವೇ, ಇಲಿಗಳ ಮೇಲೆಯೇ, ಮನುಷ್ಯರ ಮೇಲೆಯೇ? ಎಷ್ಟು ಮಂದಿ? ಹೋಲಿಕೆಗೆ ಮತ್ತೊಂದು ಗುಂಪು ಇತ್ತೇ? “ಸಿಗ್ನಿಫಿಕೆಂಟ್” ಎಂಬ ಇಂಗ್ಲಿಷ್ ಪದವನ್ನು ಯಂತ್ರಗಳು “ಗಮನಾರ್ಹ” ಎಂದು ಅನುವಾದಿಸುತ್ತವೆ. ಓದುಗರು ಅದನ್ನು “ಬಹಳ” ಎಂದು ತಿಳಿಯುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಆ ಪದದ ಅರ್ಥ, ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಕಡಿಮೆ ಎಂದಷ್ಟೆ. ವ್ಯತ್ಯಾಸ ಬಹಳ ಸಣ್ಣದಿದ್ದರೂ ಆ ಪದ ಬರಬಹುದು.

ನಾಲ್ಕನೆಯದು ಯುಕ್ತಿ. ಹಲವು ಕಾರಣಗಳು ಒಂದೆಡೆ ಕೂಡಿ ಫಲ ಕೊಡುವುದನ್ನು ಅರಿಯುವ ಬುದ್ಧಿ ಇದು. ನೀರು, ಉಳುಮೆ, ಬೀಜ, ಋತು ಇವು ಕೂಡಿದಾಗ ಬೆಳೆ ಬರುತ್ತದೆ ಎಂಬುದು ಚರಕರೇ ಕೊಡುವ ನಿದರ್ಶನ. ನಮ್ಮ ರೈತಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಒಳ್ಳೆಯದೆಂದು ಕಲ್ಲುನೆಲದಲ್ಲಿ ಬಿತ್ತುವವರುಂಟೆ? ಹಾಗೆಯೇ ಪ್ರಬಂಧ ಒಳ್ಳೆಯದಿರಬಹುದು. ಆದರೆ ಈ ರೋಗಿಯ ವಯಸ್ಸು, ಅಗ್ನಿ, ಪ್ರಕೃತಿ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ, ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳು ಇವೆಲ್ಲದರೊಡನೆ ಅದು ಕೂಡುತ್ತದೆಯೇ? ಇದನ್ನು ನಿರ್ಣಯಿಸುವವರು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡುವ ವೈದ್ಯರು. ಮುಂಗೈಯ ನೀಲಿ ಕಲೆ ಯಂತ್ರದ ಕಣ್ಣಿಗೆ ಬಿದ್ದಿರಲಿಲ್ಲ.

ಗಿಡಮೂಲಿಕೆಗಳ ಹೆಸರಿನ ತೊಡಕು

ಆಯುರ್ವೇದದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ಅನೇಕರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಆದರೆ ಬ್ರಾಹ್ಮಿಯ ಹೆಸರಿನಲ್ಲಿ ಪ್ರಕಟವಾಗಿರುವ ಬಹುಪಾಲು ಸಂಶೋಧನೆ ನಡೆದಿರುವುದು ಬಕೋಪಾ ಮೊನಿಯೇರಿ ಎಂಬ ಬೇರೆಯೇ ಸಸ್ಯದ ಮೇಲೆ; ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ. ಶಂಖಪುಷ್ಪಿ ಎಂಬ ಹೆಸರಿಗೂ ಒಂದಕ್ಕಿಂತ ಹೆಚ್ಚು ಸಸ್ಯಗಳಿವೆ. ಕನ್ನಡದ ಹೆಸರಿನಿಂದ ಕೇಳಿದರೆ ಯಂತ್ರ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುವ ಸಂಭವವಿದೆ. 2021ರಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಹಾನಿಯಾಯಿತೆಂದು ಮುಂಬಯಿಯ ವೈದ್ಯರು ವರದಿ ಮಾಡಿದಾಗ, ಅದನ್ನೇ ಹೋಲುವ ಬೇರೊಂದು ಬಳ್ಳಿ ಬಳಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ಇಂತಹ ವಿಷಯದಲ್ಲಿ ಒಂದು ಪಕ್ಷದ ಸಾರಾಂಶವನ್ನಷ್ಟೇ ಓದಿ ನಿರ್ಣಯಕ್ಕೆ ಬರುವುದು, ನಮ್ಮ ಶಾಸ್ತ್ರದ ಮೇಲಿನ ಅಭಿಮಾನದಿಂದಲೇ ಆದರೂ, ಸರಿಯಲ್ಲ. ಸಸ್ಯಶಾಸ್ತ್ರೀಯ ಹೆಸರನ್ನು ಕೊಟ್ಟು, ಎರಡೂ ಪಕ್ಷಗಳನ್ನು ಕೇಳಬೇಕು.

ಮನೆಮಂದಿಗೆ ಕೆಲವು ಸೂಚನೆಗಳು

1. “ಲಾಭವೇನು?” ಎಂದು ಕೇಳಿದ ಮೇಲೆ “ಹಾನಿಯೇನು? ಯಾರು ಸೇವಿಸಬಾರದು? ಯಾವ ಮಾತ್ರೆಗಳೊಡನೆ ಕೂಡದು?” ಎಂದೂ ಕೇಳಿ.

2. ಯಂತ್ರ ಹೆಸರಿಸಿದ ಪ್ರತಿಯೊಂದು ಪ್ರಬಂಧವನ್ನೂ ಪಬ್‌ಮೆಡ್‌ನಲ್ಲಿ ಹುಡುಕಿ. ಸಿಗದುದನ್ನು ಹೊಡೆದುಹಾಕಿ.

3. ಸಿಕ್ಕ ಪ್ರಬಂಧದ ಸಂಗ್ರಹವನ್ನಾದರೂ ಸ್ವತಃ ಓದಿ. ಎಷ್ಟು ಜನ, ಎಷ್ಟು ಪ್ರಮಾಣ, ಎಷ್ಟು ದಿನ, ಹಣ ಕೊಟ್ಟವರು ಯಾರು ಎಂಬ ನಾಲ್ಕು ಸಂಗತಿಗಳನ್ನು ಗುರುತು ಮಾಡಿಕೊಳ್ಳಿ. ಮಿಲಿಗ್ರಾಂ, ಗ್ರಾಂ ಎಂಬುದನ್ನು ಎರಡು ಬಾರಿ ನೋಡಿ.

4. ಭಾರತದಲ್ಲಿ ನಡೆದ ಪ್ರಯೋಗವೆಂದು ಹೇಳಿದ್ದರೆ, 2007ರಲ್ಲಿ ಆರಂಭವಾದ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಾದ ಸಿ.ಟಿ.ಆರ್.ಐ.ಯಲ್ಲಿಯೂ ಹುಡುಕಬಹುದು.

5. ರೋಗಿಯ ಹೆಸರು, ದೂರವಾಣಿ ಸಂಖ್ಯೆ, ಆಸ್ಪತ್ರೆಯ ಸಂಖ್ಯೆ ಇರುವ ವರದಿಗಳನ್ನು ಯಂತ್ರಕ್ಕೆ ಕೊಡಬೇಡಿ.

6. ಹಾಳೆ ಓದಿ ಮಾತ್ರೆ ಆರಂಭಿಸುವುದೂ ಬೇಡ, ಇರುವ ಮಾತ್ರೆ ನಿಲ್ಲಿಸುವುದೂ ಬೇಡ. ಹಾಳೆಯನ್ನು ವೈದ್ಯರ ಬಳಿಗೆ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ, ಮೂರ್ಛೆರೋಗದ ಮಾತ್ರೆ, ಮಧುಮೇಹದ ಮಾತ್ರೆ ಸೇವಿಸುವವರು, ಗರ್ಭಿಣಿಯರು, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಇದನ್ನು ಕಡ್ಡಾಯವಾಗಿ ಪಾಲಿಸಬೇಕು.

ವೈದ್ಯಮಿತ್ರರಲ್ಲಿಯೂ ಒಂದು ಮಾತು. ಹಾಳೆ ಹಿಡಿದು ಬಂದ ರೋಗಿಯನ್ನು ಗದರಿಸಬೇಡಿ. ಗದರಿಸಿದರೆ ಮುಂದಿನ ಸಲ ಅವರು ಹಾಳೆಯನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಕ್ಯಾಪ್ಸೂಲನ್ನು ಮಾತ್ರ ಬಿಡುವುದಿಲ್ಲ.

ಮೇಷ್ಟ್ರು ಮುಂದಿನ ತಿಂಗಳ ತಪಾಸಣೆಗೆ ಮೊಮ್ಮಗಳನ್ನೂ ಕರೆತಂದಿದ್ದರು. ಹುಡುಗಿಯ ಕಣ್ಣು ತುಂಬಿತ್ತು. “ಅಜ್ಜನಿಗೆ ಒಳ್ಳೇದಾಗಲಿ ಅಂತ ಹುಡುಕಿದೆ ಡಾಕ್ಟರೇ” ಎಂದಳು. ಅವಳ ಪ್ರೀತಿಯಲ್ಲಿ ದೋಷವಿರಲಿಲ್ಲ, ಪ್ರಶ್ನೆ ಮಾತ್ರ ಅರ್ಧವಾಗಿತ್ತು ಎಂದೆ. ನನ್ನ ಅಶ್ವಗಂಧದ ಉಪನ್ಯಾಸದ ಕಥೆಯನ್ನೂ ಹೇಳಿದಾಗ ಅವಳ ಮುಖದಲ್ಲಿ ಸ್ವಲ್ಪ ನಗು ಕಂಡಿತು. ಬಳಿಕ ಮೂವರೂ ಕುಳಿತು, ಅವಳ ಫೋನಿನಲ್ಲಿಯೇ, ಮಂಡಿಯ ಸುತ್ತಲಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದ ಬಗ್ಗೆ ಹುಡುಕಿದೆವು. ಯಂತ್ರ ಹೆಸರಿಸಿದ ಪ್ರಬಂಧಗಳನ್ನು ಅವಳೇ ಒಂದೊಂದಾಗಿ ಪಬ್‌ಮೆಡ್‌ನಲ್ಲಿ ನೋಡಿದಳು; ಸಿಕ್ಕವುಗಳಲ್ಲಿ ಪ್ರಯೋಗಕ್ಕೆ ಒಳಗಾದವರ ವಯಸ್ಸೆಷ್ಟು ಎಂದು ನಾನು ಕೇಳುವ ಮುನ್ನವೇ ಓದಿ ಹೇಳಿದಳು. ಹೃದ್ರೋಗ ತಜ್ಞರ ಒಪ್ಪಿಗೆ ಪಡೆದು ಮೇಷ್ಟ್ರು ಈಗ ನಿತ್ಯ ಬೆಳಿಗ್ಗೆ ಕುರ್ಚಿಯ ಮೇಲೆ ಕುಳಿತು ಕಾಲು ಚಾಚುವ ವ್ಯಾಯಾಮ ಮಾಡುತ್ತಿದ್ದಾರೆ. ನೋವು ಪೂರ್ಣ ಹೋಗಿಲ್ಲ. ಮಠದ ಮೆಟ್ಟಿಲನ್ನು ಮಾತ್ರ ಈಗ ಯಾರ ಆಸರೆಯೂ ಇಲ್ಲದೆ ಹತ್ತುತ್ತಾರೆ.